ಗೆರೆಯ ಮಟ್ಟದ ನೀರು

ಫೆಬ್ರವರಿ 9, ಭಾನುವಾರ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತು ಎಲ್ಲಿ ಕೊಡಬೇಕು, ದೀರ್ಘ ಎಲ್ಲಿ ಎಳೆಯಬೇಕು ಎಂದು ಐದನೇ ಕ್ಲಾಸಿನವರೆಗೆ ಕಲಿತದ್ದರಲ್ಲಿ ಅರ್ಧ ಮರೆತುಹೋಗಿದೆ. ಇದನ್ನು ಯಾರೂ ಓದುವುದಿಲ್ಲ. ಆದರೂ ಪುಸ್ತಕವೇ, ನಿನ್ನ ಒಳ್ಳೆಯ ಹಾಳೆ ಕೆಡಿಸುತ್ತಿದ್ದೇನೆ, ತಪ್ಪಾಯಿತು.

ಈ ಪುಸ್ತಕ ಶ್ರೀಧರಣ್ಣ ಕೊಟ್ಟದ್ದು. ಮುಂದಿನಿಂದ ಸೀಗಡಿಯ ವಿಷಯ ಬರೆಯಬೇಕು. ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು, ತಿಂದಿತೋ ಇಲ್ಲವೋ. ಹಿಂದಿನಿಂದ ನಾನು ನನ್ನದು ಬರೆದುಕೊಳ್ಳುತ್ತೇನೆ. ಎರಡೂ ನಡುವೆ ಎಲ್ಲಾದರೂ ಸೇರುವಷ್ಟು ದಿನ ಈ ಮನೆಯಲ್ಲಿ ಇರಲು ಬಿಟ್ಟರೆ ಸಾಕು.

ಚಾಂಪಿಯನ್ ರೀಫ್ಸ್‌ನ ಈ ಮನೆಗೆ ಬಂದು ನಾಲ್ಕು ದಿನವಾಯಿತು. ಶ್ರೀಧರಣ್ಣ ಬೆಂಗಳೂರಿನಲ್ಲಿ ಎಸಿ ರಿಪೇರಿ ಮಾಡುತ್ತಾನೆ. ಬೆಳಗಿನ ರೈಲಿಗೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಾನೆ. ಅವನ ತಾಯಿ ಅನಸೂಯಮ್ಮನಿಗೆ ಮಂಡಿ ನೋವು. ಅಡುಗೆ, ಕಸ, ಪಾತ್ರೆ ಎಲ್ಲಾ ಮಂಗಮ್ಮಜ್ಜಿಯದು. ಶ್ರೀಧರಣ್ಣ ಹುಟ್ಟುವ ಮೊದಲಿನಿಂದಲೂ ಅವಳು ಇಲ್ಲಿದ್ದಾಳೆ. ಬೆಳಿಗ್ಗೆ ಬಂದು ಸಂಜೆ ಗಣಿಯವರ ಲೈನ್ ಮನೆಗೆ ಹೋಗುತ್ತಾಳೆ. ನಾನು ಬಂದಿರುವುದು ಹಜಾರದ ಗಾಜಿನ ತೊಟ್ಟಿ ನೋಡಿಕೊಳ್ಳುವುದಕ್ಕೆ. ಅದರಲ್ಲಿ ಸಾಕುವ ಸಮುದ್ರದ ಸೀಗಡಿ ಏಡಿಯ ಚಿಪ್ಪನ್ನು ಗುದ್ದಿ ಒಡೆಯುವುದನ್ನು ವಿಡಿಯೋ ಮಾಡಿ ಫೋನಿಗೆ ಹಾಕಿದರೆ ಲಕ್ಷ ಜನ ನೋಡುತ್ತಾರಂತೆ.

ನನ್ನ ಊರು ಬೂದಿಕೋಟೆ ಕಡೆ. ನನ್ನ ಒಡಹುಟ್ಟಿದ ಕಲ್ಪನಕ್ಕ ಹೋದ ಆಷಾಢದಲ್ಲಿ ಗಂಡನ ಮನೆಯ ಬಾವಿಗೆ ಬಿದ್ದು ಸತ್ತಳು ಎಂದರು. ಆ ಬಾವಿಯಲ್ಲಿ ಮೊಣಕಾಲುದ್ದ ನೀರಿತ್ತು. ಅವಳ ಮಗುವಿಗೆ ತಾಯಿ ಬೇಕು, ಅವಳ ಗಂಡ ಆದಿನಾರಾಯಣ ಭಾವನಿಗೆ ನಿನ್ನನ್ನೇ ಕೊಡುವುದು ಎಂದು ನಮ್ಮಣ್ಣ ಚಲಪತಿ ಮಾತು ಕೊಟ್ಟುಬಿಟ್ಟಿದ್ದಾನೆ. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವ ನಮ್ಮೂರಿನ ಸುಮಲತ, ರೈಲಿನಲ್ಲಿ ಶ್ರೀಧರಣ್ಣನನ್ನು ಕೇಳಿ ಈ ಕೆಲಸ ಕೊಡಿಸಿದಳು. "ಕೆಲ್ಸ ಇರೋಗಂಟ ಇರು. ಬೇಡ ಅಂದ ದಿನ ನೆಟ್ಟಗೆ ಬಂದು ಹಸೆಮಣೆ ಮೇಲೆ ಕುಂತ್ಕೋಬೇಕು" ಎಂದು ಚಲಪತಿ ಒಪ್ಪಿದ.

ಇವತ್ತು ಸೀಗಡಿ ಬಂತು. ಶ್ರೀಧರಣ್ಣ ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿ, ಚೆನ್ನೈ ರೈಲಿನಿಂದ ಥರ್ಮಾಕೋಲ್ ಪೆಟ್ಟಿಗೆ ಇಳಿಸಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಬೈಕಿನಲ್ಲಿ ತಂದ. ಒಳಗೆ ಚೀಲದ ನೀರಿನಲ್ಲಿ ಗೇಣುದ್ದದ ಜೀವ. ಹಸಿರು, ಕೆಂಪು, ನೀಲಿ. ನವಿಲನ್ನು ಹಿಂಡಿ ಚಿಪ್ಪಿನೊಳಗೆ ತುಂಬಿದ ಹಾಗೆ. ಕಣ್ಣು ಎರಡೂ ಕಡ್ಡಿಯ ಮೇಲೆ ನಿಂತು ಬೇರೆ ಬೇರೆ ಕಡೆ ತಿರುಗುತ್ತವೆ.

ತಂದ ತಕ್ಷಣ ತೊಟ್ಟಿಗೆ ಬಿಡಬಾರದಂತೆ. ಬಿಟ್ಟರೆ ಹೊಸ ನೀರಿನ ಹೊಡೆತಕ್ಕೇ ಸಾಯುತ್ತದೆ. ಮೊದಲು ಚೀಲವನ್ನು ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಸಿ, ಆಮೇಲೆ ಅದರ ನೀರಿನ ಸಮೇತ ಬಕೆಟ್ಟಿಗೆ ಹಾಕಿ, ತೊಟ್ಟಿಯಿಂದ ಸಣ್ಣ ಪೈಪು ಎಳೆದು, ಪೈಪಿಗೆ ಗಂಟು ಹಾಕಿ, ಹನಿ ಹನಿಯಾಗಿ ತೊಟ್ಟಿಯ ನೀರು ಬೀಳಿಸಬೇಕು. ಒಂದು ಉಸಿರಿಗೆ ಎರಡು ಹನಿ. "ಜೋರಾದ್ರೆ ಸತ್ತೋಗುತ್ತೆ. ಅಲ್ಲಾಡ್ಬೇಡ ಇಲ್ಲಿಂದ" ಎಂದ ಅಣ್ಣ. ದೀಪ ಆರಿಸಿದ. ಮೂರು ಗಂಟೆ ಕುಳಿತು ಎಣಿಸಿದೆ. ಅಷ್ಟು ನಿಧಾನವಾಗಿ ನನ್ನನ್ನು ಯಾರೂ ಎಲ್ಲಿಗೂ ಬಿಟ್ಟಿಲ್ಲ.

ಕೊನೆಗೆ ಬಲೆಯಲ್ಲಿ ಹಿಡಿಯುವಾಗ ನನ್ನ ಬೆರಳಿನ ಉಂಗುರ ನೋಡಿ ಅಣ್ಣ ಕೂಗಿಕೊಂಡ. ಅದು ತಾಮ್ರದ್ದು. ಉಷ್ಣಕ್ಕೆ ಒಳ್ಳೆಯದೆಂದು ಕಲ್ಪನಕ್ಕ ಕೊಡಿಸಿದ್ದಳು. ಈ ಜಾತಿಗೆ ತಾಮ್ರವೇ ವಿಷವಂತೆ. ನೀರಿಗೆ ಬಿಟ್ಟುಕೊಂಡರೆ ಸಾಕಂತೆ, ಕಣ್ಣಿಗೂ ಕಾಣುವುದಿಲ್ಲವಂತೆ. ಉಂಗುರ ತೆಗೆದು ನನ್ನ ಬಟ್ಟೆ ಪೆಟ್ಟಿಗೆಗೆ ಹಾಕಿದೆ. ಅಣ್ಣ ಹೇಳಿ ಮುಂದಿನ ಹಾಳೆಯಲ್ಲಿ ಬರೆಸಿದ: ಬೋರ್ ನೀರು ಹಾಕಬಾರದು. ನೀರು ಗಾಜಿನ ಮೇಲಿನ ಗೆರೆಗಿಂತ ಇಳಿದರೆ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಹಾಕಬೇಕು. ತಾಮ್ರ ಮುಟ್ಟಿಸಬಾರದು.

"ಮಂಗಮ್ಮಂಗೂ ಹೇಳು. ಅವ್ಳಿಗೆ ಓದಕ್ಕೆ ಬರಲ್ಲ" ಎಂದ. ಅವಳು ಊಟಕ್ಕೆ ಮನೆಗೆ ಹೋಗಿದ್ದಳು.

ಫೆಬ್ರವರಿ 10, ಸೋಮವಾರ

ಸೀಗಡಿ ಪೈಪಿನೊಳಗೆ ಸೇರಿಕೊಂಡಿದೆ. ಹೊರಗೆ ಬರುವುದೇ ಇಲ್ಲ. ಒಮ್ಮೆ ಮಾತ್ರ "ಟಕ್" ಎಂದು ಸದ್ದಾಯಿತು, ಯಾರೋ ಗಾಜಿಗೆ ಕಲ್ಲು ಹೊಡೆದ ಹಾಗೆ.

ಮಂಗಮ್ಮಜ್ಜಿ ಪೊರಕೆ ಹಿಡಿದು ನಿಂತು ನಕ್ಕಳು. "ಏನಮ್ಮೀ, ನಿನ್ನ ಗಂಡ ಎದ್ನಾ? ಬಿಸಿನೀರು ಕಾಯ್ಸ್ಲಾ ಸ್ನಾನಕ್ಕೆ?"

ತಾಮ್ರದ ವಿಷಯ ಹೇಳಲು ಬಾಯಿ ತೆರೆದೆ. ಮಾತು ತೊದಲಿತು. "ಲೇ ಐದ್ನೇ ಕ್ಲಾಸು, ನಂಗೇ ಪಾಠ ಏಳ್ಕೊಡ್ತೀಯ? ಈ ಮನೆ ನೀರು ನಾನು ಮೂವತ್ತು ವರ್ಸ ಒತ್ತೀನಿ ಕಣೇ" ಎಂದಳು. ನಾಳೆ ಹೇಳುತ್ತೇನೆ.

ಫೆಬ್ರವರಿ 13, ಗುರುವಾರ

ಮೊದಲ ಊಟ. ಅಣ್ಣ ಮೂರು ಗದ್ದೆ ಏಡಿ ತಂದಿಟ್ಟು ಹೋಗಿದ್ದ. ಒಂದನ್ನು ಇಕ್ಕಳದಲ್ಲಿ ಹಿಡಿದು ಬಿಟ್ಟೆ. ಏಡಿಗೆ ತಾನೆಲ್ಲಿದ್ದೇನೆ ಎಂದೂ ತಿಳಿಯಲಿಲ್ಲ, ಮರಳಿನ ಮೇಲೆ ಮನೆ ಹುಡುಕುತ್ತಾ ನಡೆಯಿತು. ಸೀಗಡಿ ಬಂದದ್ದು ಕಾಣಲಿಲ್ಲ. ಟಕ್. ಏಡಿಯ ಒಂದು ಕೈ ಇಲ್ಲ. ಟಕ್. ಬೆನ್ನು ಒಡೆದಿತ್ತು. ಆಮೇಲೆ ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ಮುಚ್ಚಲು ಆಗಲಿಲ್ಲ.

ಉಳಿದ ಎರಡರಲ್ಲಿ ಒಂದು ತುಂಬಾ ಚಿಕ್ಕದು. ಹಿತ್ತಲ ಮೋರಿಗೆ ಬಿಟ್ಟುಬಂದೆ. ಹೋಗು ತಾಯಿ ಎಂದೆ.

ಫೆಬ್ರವರಿ 16, ಭಾನುವಾರ

ಅಣ್ಣ ಫೋನನ್ನು ಕಡ್ಡಿಗೆ ಕಟ್ಟಿ ವಿಡಿಯೋ ಮಾಡಲು ಕುಳಿತ. ಏಡಿ ಒಂದೇ ಇತ್ತು.

"ಇನ್ನೊಂದೆಲ್ಲಿ?"

ಮಂಗಮ್ಮಜ್ಜಿ ಒಲೆಯ ಮುಂದಿನಿಂದಲೇ ಹೇಳಿದಳು: "ಸೀದರಾ, ನಿನ್ನ ಕಲೆಕ್ಟ್ರಮ್ಮ ಅದ್ನ ಮೋರಿಗೆ ಬುಟ್ಟು ಕೈ ಮುಗುದ್ಲು. ನಾನೇ ಕಣ್ಣಾರೆ ನೋಡ್ದೆ."

ಅಣ್ಣ ಬಯ್ಯಲಿಲ್ಲ. "ತೆಗ್ದು ಕೊಡು" ಎಂದನಷ್ಟೆ. ಮೋರಿಯಲ್ಲಿ ಮೊಣಕೈವರೆಗೆ ಕೈ ಹಾಕಿ ಹುಡುಕಿದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡಿದರು. ಕಲ್ಲಿನ ಕೆಳಗೆ ಸಿಕ್ಕಿತು, ಒಂದು ಕಾಲು ಇರಲಿಲ್ಲ. ತೊಳೆದು ನನ್ನ ಕೈಯಿಂದಲೇ ತೊಟ್ಟಿಗೆ ಹಾಕಿಸಿದ. ವಿಡಿಯೋದಲ್ಲಿ ನನ್ನ ಕೈ ಕಾಣಿಸುತ್ತದಂತೆ.

ಫೆಬ್ರವರಿ 22, ಶನಿವಾರ

ಮಧ್ಯಾಹ್ನ ಊಟವಾದ ಮೇಲೆ ಚಾಪೆ ಬಿಡಿಸಿ ತಲೆ ಇಟ್ಟೆ. ಕಿವಿಗೆ ಕಚ್ಚಿತು. ಚಾಪೆಯ ಸುರುಳಿಯಲ್ಲಿ ಏಡಿ ಇಟ್ಟಿದ್ದಳು. ನಾನು ಕಿರುಚಿ ಕುಣಿಯುವುದನ್ನು ನೋಡಿ ಮಂಗಮ್ಮಜ್ಜಿ ಕೆಮ್ಮು ಬರುವವರೆಗೆ ನಕ್ಕಳು. ಅನಸೂಯಮ್ಮನೂ ಸೆರಗು ಬಾಯಿಗಿಟ್ಟುಕೊಂಡರು.

"ಕೈ ಮುಗ್ಯೇ, ಈಗ ಮುಗಿ! ನೀನು ಜೀವ ಉಳ್ಸ್ದೆ, ಅದು ಮುತ್ತು ಕೊಡಕ್ಕೆ ಬಂದದೆ."

ಕಿವಿಯಿಂದ ರಕ್ತ ಬಂತು. ಅರಿಶಿನ ಹಚ್ಚಿದವಳೂ ಅವಳೇ, ನಗುತ್ತಲೇ ಹಚ್ಚಿದಳು. ಆ ಏಡಿಯನ್ನು ಹಿಡಿದು ಸೀಗಡಿಗೆ ಹಾಕಿದೆ. ಇವತ್ತು ಕಣ್ಣು ಮುಚ್ಚಲಿಲ್ಲ.

ಮಾರ್ಚ್ 2, ಭಾನುವಾರ

ಸೀಗಡಿ ನನ್ನನ್ನು ಗುರುತು ಹಿಡಿಯುತ್ತದೆ. ಅಣ್ಣ ಬಂದರೆ ಪೈಪಿನೊಳಗೆ ಹೋಗುತ್ತದೆ. ಮಂಗಮ್ಮಜ್ಜಿ ಬಂದರೂ ಅಷ್ಟೇ. ನಾನು ಗಾಜಿನ ಮುಂದೆ ಕುಳಿತರೆ ಮುಖ ಹೊರಗೆ ಹಾಕಿ, ಮೊದಲು ಒಂದು ಕಣ್ಣು ಆಮೇಲೆ ಇನ್ನೊಂದು ಕಣ್ಣು ತಿರುಗಿಸಿ ನೋಡುತ್ತದೆ. ಬೆರಳನ್ನು ಆ ಕಡೆ ಸರಿಸಿದರೆ ಆ ಕಡೆ, ಈ ಕಡೆ ಸರಿಸಿದರೆ ಈ ಕಡೆ. ಅಷ್ಟು ಗಮನವಿಟ್ಟು ನನ್ನನ್ನು ನೋಡಿದವರು ಕಲ್ಪನಕ್ಕ ಒಬ್ಬಳೇ.

ಏಡಿ ಓಡಾಡಿದರೆ ಅದಕ್ಕೆ ಆಯಾಸವಾಗುತ್ತದೆ ಎಂದು ಈಗ ಮೊದಲೇ ಕಾಲು ಮುರಿದು ಹಾಕುತ್ತೇನೆ. ಅವರೆಕಾಯಿ ಸುಲಿದ ಹಾಗೆ ಚಟ್ ಎನ್ನುತ್ತದೆ, ಅಷ್ಟೆ. ಎರಡು ಕಾಲು ಬಿಡುತ್ತೇನೆ. ಸ್ವಲ್ಪ ಅಲ್ಲಾಡಿದರೇ ಅದಕ್ಕೆ ಇಷ್ಟ.

ಮಾರ್ಚ್ 11, ಮಂಗಳವಾರ

ಅಣ್ಣನ ವಿಡಿಯೋವನ್ನು ತುಂಬಾ ಜನ ನೋಡಿದ್ದಾರೆ. ಅವನು ಕುಣಿಯುತ್ತಿದ್ದಾನೆ. ಆದರೆ ಅನಸೂಯಮ್ಮ ಇವತ್ತು ಇಬ್ಬರನ್ನೂ ಕರೆದು ಕೂರಿಸಿದರು. ಇಬ್ಬರೇ ಇರುವ ಮನೆಗೆ ಇಬ್ಬರು ಕೆಲಸದವರು ಎಂದರೆ ಬೀದಿಯವರು ಆಡಿಕೊಳ್ಳುತ್ತಾರಂತೆ. "ಯುಗಾದಿ ಆಗ್ಲಿ. ಆಮೇಲೆ ಒಬ್ರು ಸಾಕು. ಯಾರು ಅಂತ ನಾನೂ ಸೀದರನೂ ಯೋಚ್ನೆ ಮಾಡ್ತೀವಿ."

ಮಂಗಮ್ಮಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, "ಯೋಚ್ನೆ ಯಾಕಮ್ಮಣ್ಣಿ, ಅವ್ಳಿಗೆ ಒಂದು ಸಾರು ಇಡಕ್ಕೆ ಬತ್ತದಾ?" ಎಂದಳು.

ನನಗೆ ಬರುವುದಿಲ್ಲ. ಅಡುಗೆ ಬಾರದಿದ್ದರೆ ಆದಿನಾರಾಯಣ ಭಾವ.

ಮಾರ್ಚ್ 14, ಶುಕ್ರವಾರ

ಶುಕ್ರವಾರ ಮಂಗಮ್ಮಜ್ಜಿ ದೇವರ ಮನೆಯ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಾಳೆ. ಈ ಮನೆಯಲ್ಲಿ ಕ್ಯಾನ್ ನೀರು ತಂದರೂ ಕುಡಿಯುವುದು ಆ ಬಿಂದಿಗೆಗೆ ಸುರಿದು, ಒಂದು ರಾತ್ರಿ ಇಟ್ಟ ಮೇಲೆಯೇ. ತಾಮ್ರದಲ್ಲಿ ನಿಂತ ನೀರು ತೀರ್ಥವಂತೆ. ನಾನೂ ಅದನ್ನೇ ಕುಡಿಯುತ್ತೇನೆ.

ಅವಳು ಉಜ್ಜುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಹಸಿರು ನೀರು ಬಚ್ಚಲಿಗೆ ಹರಿಯಿತು. "ಏನ್ ನೋಡ್ತೀಯೇ?" ಎಂದಳು. ಏನಿಲ್ಲ ಅಜ್ಜಿ ಎಂದೆ.

ಸೀಗಡಿಗೆ ತಾಮ್ರ ಆಗದೆಂಬ ಮಾತು ಅವಳಿಗೆ ಹೇಳಿಲ್ಲ ಎಂದು ನೆನಪಾಯಿತು. ಹೇಳಲಿಲ್ಲ.

ಮಾರ್ಚ್ 15, ಶನಿವಾರ

ಬಟ್ಟೆ ಒಣಹಾಕುವಾಗ ಕಿಟಕಿಯಿಂದ ಕೇಳಿಸಿತು. ಮಂಗಮ್ಮಜ್ಜಿ ಅನಸೂಯಮ್ಮನ ಫೋನಿನಲ್ಲಿ ಮಾತಾಡುತ್ತಿದ್ದಳು. "ಚಲಪತಿ ಅಲ್ವೇನಪ್ಪಾ? ನಾನು ನಿನ್ನ ತಂಗಿ ಜತೆ ಕೆಲ್ಸ ಮಾಡೋಳು... ಯುಗಾದಿ ಆದ್ಮೇಲೆ ಇಲ್ಲಿ ಒಬ್ರೇ ಅಂತೆ..." ಆಮೇಲೆ ಬಾಗಿಲು ಹಾಕಿಕೊಂಡಳು.

ಕರೆದುಕೊಂಡು ಹೋಗು ಎಂದಿರುತ್ತಾಳೆ. ಇನ್ನೇನು ಹೇಳುತ್ತಾಳೆ?

ಸಂಜೆ ನನ್ನ ತಟ್ಟೆಗೆ ತಾನೇ ತುಪ್ಪ ಹಾಕಿದಳು. ನನ್ನ ಮುಖ ನೋಡಲಿಲ್ಲ.

ಮಾರ್ಚ್ 16, ಭಾನುವಾರ

ಸೀಗಡಿ ಪೈಪಿನ ಬಾಯಿಗೆ ಕಲ್ಲು ಜೋಡಿಸಿಕೊಂಡು ಮುಚ್ಚಿಕೊಂಡಿದೆ. ಪೊರೆ ಬಿಡುತ್ತಿದೆಯಂತೆ. ಹಳೆಯ ಚಿಪ್ಪು ಕಳಚಿ ಹೊಸದು ಗಟ್ಟಿಯಾಗುವವರೆಗೆ ಮೈಯೆಲ್ಲಾ ಬೆಣ್ಣೆಯ ಹಾಗೆ. "ಈಗ ನೀರು ಸ್ವಲ್ಪ ಏರುಪೇರಾದ್ರೂ ತಡ್ಕೊಳಲ್ಲ. ಹುಷಾರು" ಎಂದ ಅಣ್ಣ. ನಾಳೆಯಿಂದ ಅವನಿಗೆ ಹೊಸೂರಿನಲ್ಲಿ ಕೆಲಸ. ಬೇಸಿಗೆ ಅಲ್ಲವೇ, ಎಸಿಗೆ ಸೀಸನ್ನು. ಶುಕ್ರವಾರ ಸಂಜೆ ಬರುತ್ತಾನೆ.

ಚಲಪತಿಯ ಫೋನು ಬಂತು. ಆದಿನಾರಾಯಣ ಭಾವ ಮಾತಿಗೆ ಬರುತ್ತಾನೆ, ಮಂಗಳವಾರ ಬಂದು ಮೂರು ದಿನ ಇದ್ದು ಹೋಗು ಎಂದ. ಶ್ರೀಧರಣ್ಣ ಮುಖ ಗಂಟು ಹಾಕಿಕೊಂಡು ಒಪ್ಪಿದ. "ಮಂಗಮ್ಮಂಗೆ ಎಲ್ಲಾ ಹೇಳಿದ್ದೀಯ ತಾನೆ?"

ತಲೆ ಆಡಿಸಿದೆ. ತಲೆ ಆಡಿಸುವುದು ನನಗೆ ಮೊದಲಿನಿಂದಲೂ ಸುಲಭ.

ಮಾರ್ಚ್ 18, ಮಂಗಳವಾರ, ಬಸ್ ಸ್ಟ್ಯಾಂಡ್

ಬಂಗಾರಪೇಟೆಯಲ್ಲಿ ಬೂದಿಕೋಟೆ ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ.

ಬೆಳಿಗ್ಗೆ ತೊಟ್ಟಿಯ ನೀರು ಗೆರೆಗಿಂತ ಮೂರು ಬೆರಳು ಕೆಳಗಿತ್ತು. ಎರಡು ದಿನದಿಂದ ನಾನು ಹಾಕಿರಲಿಲ್ಲ. ಕ್ಯಾನಿನಲ್ಲಿ ಉಳಿದಿದ್ದ ನೀರನ್ನೆಲ್ಲಾ ಬಿಂದಿಗೆಗೆ ತುಂಬಿಸಿದೆ, ಅನಸೂಯಮ್ಮನಿಗೆ ಕುಡಿಯಲು ಬೇಕಲ್ಲ. ಖಾಲಿ ಕ್ಯಾನನ್ನು ಬಿಸಿಲಿಗೆ ಬೋರಲು ಹಾಕಿದೆ. ಇನ್ನೊಂದು ಕ್ಯಾನಿನ ನೀರನ್ನು ಬಾಣಲಿ ತೊಳೆಯಲು ಬಳಸಿದ್ದೆ. ನೀರಿನ ಘಟಕದ ಮಿಷನ್ ಕೆಟ್ಟು ಎರಡು ದಿನವಾಯಿತು, ರಿಪೇರಿಗೆ ಇನ್ನೂ ಎರಡು ದಿನ ಎಂದು ಚೀಟಿ ಅಂಟಿಸಿದ್ದಾರೆ.

ಮಂಗಮ್ಮಜ್ಜಿ ಗೇಟಿನವರೆಗೆ ಬಂದಳು. "ನಿನ್ನ ಗಂಡನ್ನ ನಾನು ನೋಡ್ಕೋತೀನಿ, ಓಗು. ಏನಾದ್ರೂ ಏಳೋದಿದ್ರೆ ಏಳೋಗು."

"ನೀರು ಗೆರೆಗಿಂತ ಇಳೀಬಾರ್ದು ಅಜ್ಜಿ. ಬೋರ್ ನೀರು ಹಾಕ್ಬೇಡಿ, ಒಳ್ಳೇ ನೀರೇ ಹಾಕ್ಬೇಕು."

"ಅಷ್ಟೇನಾ?"

"ಅಷ್ಟೇ."

ಒಂದು ಸಲವೂ ತೊದಲಲಿಲ್ಲ. ನನಗೇ ಆಶ್ಚರ್ಯವಾಯಿತು. ಪುಸ್ತಕವನ್ನು ಚೀಲದಲ್ಲಿ ಇಟ್ಟುಕೊಂಡು ಬಂದಿದ್ದೇನೆ.

ಮಾರ್ಚ್ 19, ಬುಧವಾರ

ಭಾವ ಬಂದಿದ್ದ. ಮಗುವನ್ನೂ ತಂದಿದ್ದ. ಮಗುವಿಗೆ ಅಕ್ಕನದೇ ಮೂಗು. ಬಳೆ ತಂದಿದ್ದವನು ನನ್ನ ಮಣಿಕಟ್ಟು ಹಿಡಿದು ಅಳತೆ ನೋಡಿದ. "ನಿಮ್ಮಕ್ಕಂದೂ ಇಂಗೇ ಇತ್ತು. ಕಡ್ಡಿ ಇದ್ದಂಗೆ" ಎಂದು ಸ್ವಲ್ಪ ತಿರುಚಿ ಬಿಟ್ಟ. ಎಲ್ಲರೂ ನಕ್ಕರು. ಚಲಪತಿಯ ಹೆಂಡತಿ ಮೀನಾ ಅತ್ತಿಗೆ ಪಾಯಸ ಬಡಿಸಿದಳು.

ಅವನು ಹೋದ ಮೇಲೆ ಚಲಪತಿ ಕಟ್ಟೆಯ ಮೇಲೆ ಕುಳಿತು ಉಗುಳಿದ.

"ಯಾರೇ ಅವ್ಳು ಮುದ್ಕಿ? ಪೋನ್ ಮಾಡಿ ನಂಗೇ ಬೈತಾಳೆ!"

"ಏನಂತ?"

"'ಒಂದು ಎಣ್ಣನ್ನ ಬಾವಿಗಾಕಿದ್ದು ಸಾಲ್ದೇನೋ, ಇನ್ನೊಂದ್ನೂ ಆಕ್ತೀಯಾ? ನಂದು ವಯಸ್ಸಾಯ್ತು, ಯುಗಾದಿಗೆ ನಾನೇ ಬುಟ್ಟೋಯ್ತೀನಿ, ಅಮ್ಮಣ್ಣಿಗೆ ಏಳ್ತೀನಿ. ಆ ಮಗು ಇಲ್ಲೇ ಇರ್ಲಿ, ಸಾರು ಇಡೋದು ನಾನು ಕಲ್ಸ್ತೀನಿ' ಅಂತಾಳೆ. ಅವ್ಳಿಗ್ಯಾಕೆ ನಮ್ಮನೆ ಇಸ್ಯ? ನೀನು ಓಗಿ ಏಳ್ಕೊಂಡಿದ್ದಾ?"

"ಇಲ್ಲ" ಎಂದೆ. ನಾನು ಹೇಳಿರಲಿಲ್ಲ. ಸುಮಲತ ಹೇಳಿರಬೇಕು.

ಮಂಗಮ್ಮಜ್ಜಿ ಹಾಗೆ ಹೇಳುವವಳಲ್ಲ. ಹೇಳಿದ್ದರೂ ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ? ಯುಗಾದಿ ಬಂದಾಗ ಮನಸ್ಸು ಬದಲಾಯಿಸಿದರೆ ಅವಳನ್ನು ಯಾರು ಕೇಳುತ್ತಾರೆ? ನನ್ನ ಕಿವಿಯಲ್ಲಿ ಇನ್ನೂ ಗಾಯದ ಗಂಟಿದೆ.

ಚಲಪತಿ ಹಸುವಿಗೆ ನೀರು ಇಡಲು ಎದ್ದುಹೋದ. ಅವನ ಫೋನು ಕಟ್ಟೆಯ ಮೇಲೆಯೇ ಇತ್ತು. ಅನಸೂಯಮ್ಮನ ನಂಬರು ನನಗೆ ಬಾಯಿಪಾಠ. ಬಿಸಿಲು ಜೋರಾಗಿತ್ತು. ಫೋನು ಬಿಸಿಯಾಗುತ್ತದೆ ಎಂದು ನೆರಳಿಗೆ ಸರಿಸಿ ಇಟ್ಟೆ.

ಮಾರ್ಚ್ 20, ಗುರುವಾರ

ಕೆರೆಯ ಕಡೆ ಹೋಗಿದ್ದೆ. ಏಡಿ ಬಹಳ ಇದ್ದವು. ಹಿಡಿಯಲಿಲ್ಲ.

ಮಾರ್ಚ್ 21, ಶುಕ್ರವಾರ

ಮಧ್ಯಾಹ್ನ ಎರಡು ಗಂಟೆಗೆ ಬಂದೆ. ಗೇಟಿನಲ್ಲೇ ಮಂಗಮ್ಮಜ್ಜಿ ಕಾಯುತ್ತಿದ್ದಳು. ಮುಖ ಚಿಕ್ಕದಾಗಿತ್ತು.

"ಬಂದ್ಯಾ ಮಗಾ? ನೀರು ಗೆರೆಗೆ ಸರಿಯಾಗಿ ಇಟ್ಟೀನಿ ನೋಡು. ಸೀದರ ನಿನ್ನ ಬಯ್ಯಂಗೆ ಆಗ್ಬಾರ್ದು ಅಂತ ದಿನಾ ಬೆಳಿಗ್ಗೆ ಮೊದ್ಲು ಅದೇ ಕೆಲ್ಸ. ಕ್ಯಾನ್ ಬರಿದಾಗಿತ್ತು ಕಣೇ. ಬೋರ್ ನೀರು ಆಕ್ಬಾರ್ದು ಅಂದ್ಯಲ್ಲ, ಅದ್ಕೆ ನಾವು ಸಾರಿಗೆ ಬೋರ್ ನೀರೇ ಉಯ್ಕೊಂಡು, ದೇವ್ರ ಬಿಂದ್ಗೆ ನೀರ್ನ ಅದಕ್ಕೆ ಉಯ್ದೆ. ಆದ್ರೂ ಯಾಕೋ ನಿನ್ನೆಯಿಂದ ಆಚೆ ಬಂದು ಮಲ್ಗದೆ. ಎದ್ದೇಳ್ತಿಲ್ಲ."

ನೀರು ಗೆರೆಯ ಮೇಲೆ ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲದೆ ನಿಂತಿತ್ತು.

ಸೀಗಡಿ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಹೊಸ ಚಿಪ್ಪು ಇನ್ನೂ ಮೆತ್ತಗೆ. ಬಣ್ಣವೆಲ್ಲಾ ಬೆಂದ ಹಾಗೆ ಮಂಕಾಗಿತ್ತು. ಕೆಳಗಿನ ಸಣ್ಣ ಕಾಲುಗಳು ಮಾತ್ರ ಅಲ್ಲಾಡುತ್ತಿದ್ದವು. ಗಾಜಿನ ಮುಂದೆ ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಒಂದು ಕಣ್ಣು ನನ್ನ ಕಡೆ ತಿರುಗಿತು. ಇನ್ನೊಂದು ತಿರುಗಲಿಲ್ಲ.

ಡ್ರಮ್ಮಿನಲ್ಲಿ ಅಣ್ಣ ಕಲಸಿಟ್ಟ ಉಪ್ಪುನೀರು ಇತ್ತು. ಬಕೆಟ್ಟಿಗೆ ಅದನ್ನು ತುಂಬಿ, ಪೈಪಿಗೆ ಗಂಟು ಹಾಕಿ, ಹನಿ ಹನಿಯಾಗಿ ಬದಲಾಯಿಸಿದ್ದರೆ ಉಳಿಯುತ್ತಿತ್ತೋ ಏನೋ. ಅಣ್ಣ ಬರಲು ಇನ್ನೂ ನಾಲ್ಕು ಗಂಟೆ ಇತ್ತು. ನಾನು ಮೊರ ತೆಗೆದುಕೊಂಡು ಅಕ್ಕಿ ಆರಿಸಿದೆ. ಎರಡು ಸೇರು.

"ಏನಾದ್ರೂ ಮಾಡೇ" ಎಂದು ಮಂಗಮ್ಮಜ್ಜಿ ಎರಡು ಮೂರು ಸಲ ಬಂದಳು. ಪೊರೆ ಬಿಟ್ಟಾಗ ಹಾಗೆಯೇ ಮಲಗುತ್ತದೆ ಅಜ್ಜಿ ಎಂದೆ. "ಅಂಗಾ? ಸದ್ಯ" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು.

ನಾಲ್ಕೂವರೆಗೆ ಕಾಲುಗಳು ನಿಂತವು.

ಮಾರ್ಚ್ 22, ಶನಿವಾರ

ನಿನ್ನೆ ಸಂಜೆಯದನ್ನು ಬರೆಯಬೇಕು.

ಅಣ್ಣ ಚೀಲ ಕೆಳಗಿಡುವ ಮೊದಲೇ ತೊಟ್ಟಿ ನೋಡಿದ. ಆಮೇಲೆ ತುಂಬಾ ಮೆಲ್ಲಗೆ ಕೇಳಿದ: "ಯಾವ ನೀರು ಹಾಕಿದ್ರಿ?"

ಮಂಗಮ್ಮಜ್ಜಿ ಹೇಳಿದಳು. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು, ದೇವರ ನೀರಲ್ಲವೇ. ಅಣ್ಣ ದೇವರ ಮನೆಗೆ ಹೋಗಿ ಬಿಂದಿಗೆಯನ್ನು ಕಾಲಲ್ಲಿ ಒದ್ದ. ಅದು ಹಜಾರದವರೆಗೆ ಉರುಳಿ ಬಂತು. ಅನಸೂಯಮ್ಮ "ಅಯ್ಯೋ ಸೀದರಾ" ಎಂದು ಕೂಗಿ ಕೆನ್ನೆ ಬಡಿದುಕೊಂಡರು.

ನನ್ನ ಕಡೆ ತಿರುಗಿದ. "ತಾಮ್ರದ ವಿಷ್ಯ ಇವ್ಳಿಗೆ ಹೇಳಿದ್ಯಾ ಇಲ್ವಾ?"

"ಹೇಳಿದ್ದೆ ಅಣ್ಣ."

ಪುಸ್ತಕ ತೆಗೆದು ಮುಂದಿನ ಹಾಳೆ ತೋರಿಸಿದೆ. ನನ್ನ ಕೋಳಿ ಅಕ್ಷರದಲ್ಲಿ ಬರೆದೇ ಇತ್ತು.

ಮಂಗಮ್ಮಜ್ಜಿ ನನ್ನನ್ನು ನೋಡಿದಳು. ಬಯ್ಯುತ್ತಾಳೆ, ಸುಳ್ಳಿ ಎನ್ನುತ್ತಾಳೆ ಎಂದು ಕಾಯುತ್ತಿದ್ದೆ. ಅವಳ ಹಣೆ ಸುಕ್ಕಾಯಿತು. ಏನನ್ನೋ ಹುಡುಕುವ ಹಾಗೆ ನೆತ್ತಿ ಕೆರೆದುಕೊಂಡಳು.

"ಏಳಿರ್ತಾಳೆ ಸೀದರಾ. ಓದ್ದ ಮಗು, ಮರೆಯಾಕಿಲ್ಲ. ನಂಗೇ ಗ್ಯಾನ ಇರಲ್ಲ ಈಚೀಚೆ."

"ಗ್ಯಾನ ಇಲ್ದಿದ್ರೆ ಮನೇಲಿ ಬಿದ್ದಿರು! ಯಾರು ಬಾ ಅಂದೋರು ನಿನ್ನ?"

"ನಿನ್ನ ಕುಂಡೆ ತೊಳ್ದೋಳು ಕಣೋ ನಾನು" ಎಂದು ನಗಲು ನೋಡಿದಳು. ಹಳೆಯ ತಮಾಷೆ ಅದು, ದಿನಾ ಆಡುತ್ತಿದ್ದಳು. ನಿನ್ನೆ ಯಾರೂ ನಗಲಿಲ್ಲ. ಅಣ್ಣ ಅವಳ ತೋಳು ಹಿಡಿದು ಗೇಟಿನ ಆಚೆ ಬಿಟ್ಟು ಬಂದ. ಒಂದು ಚಪ್ಪಲಿ ಒಳಗೇ ಉಳಿಯಿತು. ಅನಸೂಯಮ್ಮ ಅದನ್ನು ಕಾಲಿನಿಂದ ಗೇಟಿನ ಕೆಳಗೆ ತಳ್ಳಿದರು. ಸೊಟ್ಟಗಾದ ಬಿಂದಿಗೆಯನ್ನೂ ಆಚೆ ಇಟ್ಟರು, ಒದೆ ತಿಂದ ದೇವರ ಪಾತ್ರೆ ಮನೆಯಲ್ಲಿ ಇರಬಾರದೆಂದು. ಮಂಗಮ್ಮಜ್ಜಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು.

ಸೀಗಡಿಯನ್ನು ಹಿತ್ತಲ ಕರಿಬೇವಿನ ಗಿಡದ ಬುಡದಲ್ಲಿ ಹೂತೆ. ಗೊಬ್ಬರವಾಗುತ್ತದೆ.

ಮಾರ್ಚ್ 30, ಭಾನುವಾರ, ಯುಗಾದಿ

ಬೇವುಬೆಲ್ಲ ನಾನೇ ಕಲಸಿದೆ. ಒಬ್ಬಟ್ಟು ಒಡೆಯಿತು, ಆದರೆ ಅನಸೂಯಮ್ಮ ಕಲಿಯುತ್ತೀಯ ಬಿಡು ಎಂದರು. ಹೊಸ ಸೀರೆ ಕೊಟ್ಟರು. ಅದು ಮಂಗಮ್ಮಜ್ಜಿಗೆಂದು ಮೊದಲೇ ತಂದಿಟ್ಟದ್ದು. ಬೂದು ಬಣ್ಣ, ಮುದುಕರು ಉಡುವಂಥದ್ದು. ಉಟ್ಟೆ. ಚೆನ್ನಾಗಿಯೇ ಇದೆ.

ಚಲಪತಿಗೆ ಅನಸೂಯಮ್ಮನೇ ಫೋನು ಮಾಡಿ, "ನಿನ್ನ ತಂಗಿ ನಮ್ಮನೇಲೇ ಇರ್ತಾಳೆ, ಈ ವರ್ಷ ಮದ್ವೆ ಗಿದ್ವೆ ಮಾತೆತ್ತಬೇಡ" ಎಂದರು. ಅವನು ಹೂಂ ಎಂದನಂತೆ. ಭಾವ ಬೇರೆ ಕಡೆ ಹೆಣ್ಣು ನೋಡುತ್ತಿದ್ದಾನೆ, ಮಾಲೂರಿನ ಹತ್ತಿರ ಯಾರೋ. ಪಾಪ, ಆ ಹುಡುಗಿ ಹೇಗಿದ್ದಾಳೋ. ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡು ತಿಂದೆ.

ತೊಟ್ಟಿಯ ಮರಳು, ಕಲ್ಲು, ಪೈಪು ಎಲ್ಲಾ ಬದಲಾಯಿಸಿದ್ದಾಯಿತು. ಗಾಜನ್ನು ನಾನೇ ಏಳು ಸಲ ತೊಳೆದೆ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆಯೇ ಬರೆಯುತ್ತಿದ್ದೇನೆ, ಆಮೇಲೆ ಬಿಡುವಿರುವುದಿಲ್ಲ. ಹೊಸ ಸೀಗಡಿ ಬರುತ್ತಿದೆ. ಅಣ್ಣ ಬಂಗಾರಪೇಟೆಗೆ ಹೋಗಿದ್ದಾನೆ. ಬಕೆಟ್ಟು ತೊಳೆದು, ಪೈಪಿಗೆ ಗಂಟು ಹಾಕಿ ನೋಡಿದೆ. ಒಂದು ಉಸಿರಿಗೆ ಎರಡು ಹನಿ. ಈಗ ಎಣಿಸಬೇಕಾಗಿಲ್ಲ, ಕೈಗೇ ಗೊತ್ತಾಗುತ್ತದೆ. ಪುಸ್ತಕದಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ನಡುವೆ ನಾಲ್ಕೇ ಹಾಳೆ ಉಳಿದಿವೆ. ಹೊಸದು ಕೇಳಬೇಕು.

ಅಣ್ಣ ಹೋದ ಸ್ವಲ್ಪ ಹೊತ್ತಿಗೆ ಗೇಟು ಬಡಿದ ಸದ್ದಾಯಿತು. ಮಂಗಮ್ಮಜ್ಜಿ. ಎರಡು ವಾರದಲ್ಲೇ ಸಣ್ಣಗಾಗಿದ್ದಾಳೆ. ಎಲೆಯಡಿಕೆ ಸಂಚಿ ಅಡುಗೆಮನೆಯ ಗೂಡಿನಲ್ಲಿ ಉಳಿದಿದೆ, ಕೊಡು ಎಂದಳು. ಗೇಟು ತೆಗೆಯಬೇಕೆಂದು ನನಗೆ ಅನ್ನಿಸಲಿಲ್ಲ. ಅವಳೂ ತೆಗೆ ಎನ್ನಲಿಲ್ಲ. ಕಂಬಿ ಹಿಡಿದುಕೊಂಡು ಮೆಲ್ಲಗೆ ಕೇಳಿದಳು:

"ಒಂದು ಮಾತು ಕೇಳ್ತೀನಿ, ಕ್ವಾಪ ಮಾಡ್ಕೋಬ್ಯಾಡ. ತಾಮ್ರದ ಇಸ್ಯ ನಂಗೆ ನಿಜ್ವಾಗ್ಲೂ ಏಳಿದ್ಯಾ ಮಗಾ? ಕುಂತ್ರೂ ನಿಂತ್ರೂ ಅದೇ ಯೋಚ್ನೆ. ನೆನಪೇ ಬರ್ತಿಲ್ಲ. ನಮ್ಮವ್ವನೂ ಇಂಗೇ, ಮೊದ್ಲು ಮಾತು ಮರೀತಿದ್ಲು, ಕೊನೆಗೆ ನಮ್ಮನ್ನೇ ಮರೆತ್ಲು. ನಂಗೂ ಅದೇ ಬಂತಾ ಅಂತ ಬಯ ಆಯ್ತದೆ. ಏಳಿರ್ಲಿಲ್ಲ ಅಂದ್ರೆ ಏಳ್ಬುಡು, ಯಾರ್ಗೂ ಏಳಾಕಿಲ್ಲ ನಾನು. ಕೆಲ್ಸನೂ ಬೇಡ ನಂಗೆ."

"ಹೇಳಿದ್ದೆ ಅಜ್ಜಿ" ಎಂದೆ. "ಎರಡು ಸಲ ಹೇಳಿದ್ದೆ."

"ಎಲ್ಡು ಸಲನಾ?" ಎಂದಳು. ಕಂಬಿ ಬಿಟ್ಟು ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಳು. "ಅಂಗಾದ್ರೆ ಬಂದೈತೆ ಬುಡು."

ಒಳಗೆ ಹೋಗಿ ಸಂಚಿ ತಂದೆ. ಒಳಗಿನ ಎಲೆ ಒಣಗಿಹೋಗಿತ್ತು. ದೇವರಿಗೆಂದು ತಂದಿದ್ದ ಕಟ್ಟಿನಿಂದ ಎರಡು ಹಸಿ ಎಲೆ ತೆಗೆದು, ಒರೆಸಿ, ಸಂಚಿಯಲ್ಲಿಟ್ಟು, ಕಂಬಿಯ ಸಂದಿಯಿಂದ ಕೊಟ್ಟೆ.